ಆ ಕಲ್ಲನ್ನು ಅಲ್ಲೇ ಬಿಡಿ

ಮೆಕ್ಸಿಕೋ ದೇಶದ ಕಾಂಪೆಚೆ ರಾಜ್ಯದ ಕಾಡಿನಲ್ಲಿ ಮಾಯಾ ಜನರ ದೊಡ್ಡದೊಂದು ಪಟ್ಟಣ ಸಿಕ್ಕಿದೆ ಅಂತ 2024ರ ಅಕ್ಟೋಬರ್‌ನಲ್ಲಿ ಸುದ್ದಿ ಬಂತು. ಪಿರಮಿಡ್ಡುಗಳು, ಚೆಂಡಾಟದ ಅಂಗಳ, ನೀರು ನಿಲ್ಲಿಸುವ ಕಟ್ಟೆ, ಎಲ್ಲಾ ಇವೆ. ಪಕ್ಕದ ಕೆರೆಯ ಹೆಸರು ಹಿಡಿದು ವಲೇರಿಯಾನಾ ಅಂತ ಕರೆದರು. ಕ್ರಿ.ಶ. 750ರಿಂದ 850ರ ಹೊತ್ತಿಗೆ ಅಲ್ಲಿ 30 ಸಾವಿರದಿಂದ 50 ಸಾವಿರ ಜನ ಇದ್ದಿರಬಹುದು ಅನ್ನೋದು ಅಂದಾಜು.

ಗುದ್ದಲಿ ಹಿಡಿದು ಯಾರೂ ಅಲ್ಲಿಗೆ ಹೋಗಿರಲಿಲ್ಲ. ಲ್ಯೂಕ್ ಆಲ್ಡ್-ಥಾಮಸ್ ಅನ್ನೋ ಸಂಶೋಧನಾ ವಿದ್ಯಾರ್ಥಿ ಇಂಟರ್ನೆಟ್‌ನಲ್ಲಿ ಹುಡುಕುತ್ತಾ ಹುಡುಕುತ್ತಾ ಗೂಗಲ್‌ನ ಹದಿನಾರನೇ ಪುಟದ ಸುಮಾರಿಗೆ ಬಂದಾಗ ಹಳೆಯದೊಂದು ಸರ್ವೆ ಕಣ್ಣಿಗೆ ಬಿತ್ತು. ಕಾಡಿನ ಮರಗಳಲ್ಲಿ ಎಷ್ಟು ಇಂಗಾಲ ಇದೆ ಅಂತ ಲೆಕ್ಕ ಹಾಕಲು 2013ರಲ್ಲಿ ವಿಮಾನದಿಂದ ಮಾಡಿದ್ದ ಲೇಸರ್ ಸರ್ವೆ ಅದು. ಪರಿಸರದವರು ತಮ್ಮ ಕೆಲಸ ಮುಗಿಸಿ ಮಾಹಿತಿಯನ್ನು ಹಾಗೇ ಬಿಟ್ಟಿದ್ದರು. ಈತ ಅದನ್ನೇ ಇಳಿಸಿಕೊಂಡು, ಕಂಪ್ಯೂಟರ್‌ನಲ್ಲೇ ಮರಗಳನ್ನು ತೆಗೆದುಹಾಕಿ ಬರೀ ನೆಲವನ್ನು ನೋಡಿದ. ಸುಮಾರು 120 ಚದರ ಕಿಲೋಮೀಟರ್ ಜಾಗದಲ್ಲಿ 6,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕವು. ಪಟ್ಟಣದಿಂದ ಸ್ವಲ್ಪ ನಡೆದರೆ ಡಾಂಬರು ರಸ್ತೆ. ದಿನಾ ಜನ ಅದರ ಪಕ್ಕದಲ್ಲೇ ಓಡಾಡುತ್ತಿದ್ದರು.

ನನಗೆ ಇದು ಯಾಕೆ ಇಷ್ಟು ತಟ್ಟಿತು ಅಂದರೆ, ನನ್ನ ಕೆಲಸವೂ ಸರ್ವೆಯೇ. ನಾನು ಬೇಲೂರು ತಾಲ್ಲೂಕಿನಲ್ಲಿ ಲೈಸೆನ್ಸ್ ಸರ್ವೇಯರ್. ಜಮೀನು ಬೇರೆ ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತು, ಮಾರಾಟಕ್ಕೆ ಬೇಕಾದ 11ಇ ನಕ್ಷೆ, ಅಣ್ಣತಮ್ಮಂದಿರ ಪಾಲು, ಇವೇ ನನ್ನ ದಿನಚರಿ. ಹಳೇ ಅಳತೆಯ ದಾಖಲೆಯಾದ ಟಿಪ್ಪಣಿ ಕೈಯಲ್ಲಿ ಹಿಡಿದು ಹೊಲದ ಮೂಲೆಗಳನ್ನು ಹುಡುಕುತ್ತೇನೆ. ಗಡಿಗೆ ನೆಟ್ಟ ಬಾಂದುಕಲ್ಲು ಇದ್ದರೆ ಅರ್ಧ ಕೆಲಸ ಆದ ಹಾಗೆ. ಯಾರೋ ಅದನ್ನು ಕಿತ್ತು ಹತ್ತಡಿ ಆಚೆ ನೆಟ್ಟಿದ್ದರೆ ಎರಡು ಮನೆಗಳ ಮಧ್ಯೆ ಮಾತು ನಿಂತುಹೋಗುತ್ತದೆ. ಒಂದು ಕಲ್ಲು ಎಲ್ಲಿದೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಪುರಾತತ್ವದ ಸುದ್ದಿಗಳನ್ನು ನಾನು ಓದುವುದೂ ಅದೇ ಕಣ್ಣಿನಿಂದ.

ಲೈಡಾರ್ ಅನ್ನೋ ಆ ಲೇಸರ್ ಸರ್ವೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ ತೋಟದಲ್ಲಿ ಅಳತೆ ಮಾಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಮೇಲೆ ಸಿಲ್ವರ್ ಮರ, ಹಲಸು, ಅತ್ತಿ. ಮರಕ್ಕೆ ಮೆಣಸಿನ ಬಳ್ಳಿ. ಕೆಳಗೆ ಎದೆಮಟ್ಟದ ಕಾಫಿ ಗಿಡ. ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರ ಇಟ್ಟರೆ ಮೂವತ್ತು ಅಡಿ ಆಚೆ ಪ್ರಿಸಂ ಹಿಡಿದ ಹುಡುಗ ಕಾಣುವುದಿಲ್ಲ. ಉಪಗ್ರಹದಿಂದ ಜಾಗ ಹಿಡಿಯುವ ರೋವರ್ ಇಟ್ಟರೆ ಎಲೆಗಳ ಅಡಿಯಲ್ಲಿ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಜಾಗ ಖಚಿತವಾಗಿ ‘ಫಿಕ್ಸ್’ ಆಗದೆ, ಇನ್ನೂ ಅಂದಾಜು ಅನ್ನೋ ‘ಫ್ಲೋಟ್’ ಅಂತಲೇ ತೋರಿಸುತ್ತಾ ಇರುತ್ತದೆ. ಕಂಬ ಹಿಡಿದು ಒಂದೇ ಕಡೆ ನಿಂತು ಕಾಯಬೇಕು. ಜಿಗಣೆ ಹತ್ತಿದರೂ ಅಲ್ಲಾಡುವ ಹಾಗಿಲ್ಲ.

ಲೈಡಾರ್ ಈ ಕಷ್ಟವನ್ನು ಮೇಲಿನಿಂದ ದಾಟುತ್ತದೆ. ವಿಮಾನದಿಂದಲೋ ಡ್ರೋನ್‌ನಿಂದಲೋ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ಕೆಳಗೆ ಬಿಡುತ್ತಾರೆ. ಪ್ರತಿಯೊಂದೂ ಹೋಗಿ ಬರಲು ತೆಗೆದುಕೊಂಡ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. ಹೆಚ್ಚಿನವು ಎಲೆಗೆ, ಕೊಂಬೆಗೆ ತಾಗಿ ವಾಪಸ್ ಬರುತ್ತವೆ. ಕೆಲವೇ ಕೆಲವು ಸಂದಿಯಲ್ಲಿ ತೂರಿ ನೆಲ ಮುಟ್ಟುತ್ತವೆ. ಆ ಕೆಲವನ್ನು ಮಾತ್ರ ಆರಿಸಿಕೊಂಡರೆ ಕಾಡಿಲ್ಲದ ನೆಲದ ಚಿತ್ರ ಸಿಗುತ್ತದೆ. ಅದರಲ್ಲಿ ಒಂದಡಿ ಎತ್ತರದ ದಿಬ್ಬ, ಮುಚ್ಚಿಹೋದ ಕಾಲುವೆ, ನೇರವಾದ ದಾರಿ ಎಲ್ಲಾ ಕಾಣುತ್ತವೆ. ನೆಲದಲ್ಲಿ ತಾನಾಗಿ ಆದದ್ದು ಹೀಗೆ ನೇರವಾಗಿರುವುದು ಅಪರೂಪ. ನೇರ ಗೆರೆ ಕಂಡರೆ ಅಲ್ಲಿ ಮನುಷ್ಯ ಕೈಹಾಕಿದ್ದಾನೆ ಅಂತ ಅನುಮಾನ ಪಡಬಹುದು.

ಈಕ್ವೆಡಾರ್‌ನ ಉಪಾನೋ ಕಣಿವೆಯಲ್ಲೂ ಹೀಗೇ ಆಯಿತು. ಅಮೆಜಾನ್ ಕಾಡು ಅಂದರೆ ಸಣ್ಣ ಸಣ್ಣ ಗುಂಪುಗಳು ಅಲೆದಾಡಿಕೊಂಡಿದ್ದ ಜಾಗ ಅಂತ ಬಹಳ ಕಾಲ ನಂಬಿದ್ದರು. ಸ್ಟೆಫೆನ್ ರೋಸ್ಟೇನ್ ಅನ್ನೋ ಫ್ರೆಂಚ್ ಪುರಾತತ್ವಜ್ಞರು ದಶಕಗಳಿಂದ ಅಲ್ಲಿ ಅಗೆಯುತ್ತಾ, ಇಲ್ಲ, ಇಲ್ಲಿ ದೊಡ್ಡದೇನೋ ಇದೆ ಅನ್ನುತ್ತಿದ್ದರು. 2015ರಲ್ಲಿ ಲೈಡಾರ್ ಸರ್ವೆ ಆಯಿತು. 2024ರ ಜನವರಿಯಲ್ಲಿ ಅದರ ಫಲ ಪ್ರಕಟವಾಯಿತು. 300 ಚದರ ಕಿಲೋಮೀಟರ್‌ನಲ್ಲಿ 6,000ಕ್ಕೂ ಜಾಸ್ತಿ ಮಣ್ಣಿನ ಜಗಲಿಗಳು, ಅವುಗಳ ನಡುವೆ ನೇರ ರಸ್ತೆಗಳು, ಬಸಿಗಾಲುವೆಗಳು, ಹೊಲಗಳು. ಎರಡೂವರೆ ಸಾವಿರ ವರ್ಷದ ಹಿಂದೆ ಶುರುವಾದ ಊರುಗಳು ಅವು. ಗುಡ್ಡ ಅಡ್ಡ ಬಂದರೂ ಸುತ್ತಿಕೊಂಡು ಹೋಗದೆ ನೇರ ಕಡಿದುಕೊಂಡು ಹೋದ ರಸ್ತೆ ಅಂತ ಓದಿದಾಗ, ಅದನ್ನು ಗುರುತು ಹಾಕಿದ ಸರ್ವೆಯವರು ಯಾರಿರಬಹುದು, ಏನು ಹಿಡಿದು ನೇರ ನೋಡಿದರು ಅಂತ ನಾನು ಬಹಳ ಹೊತ್ತು ಯೋಚಿಸಿದೆ. ಉಜ್ಬೆಕಿಸ್ತಾನದ ಬೆಟ್ಟಗಳಲ್ಲಿ ಎರಡು ಸಾವಿರ ಮೀಟರ್ ಎತ್ತರದಲ್ಲಿರುವ ತುಗುನ್‌ಬುಲಾಕ್, ತಾಶ್‌ಬುಲಾಕ್ ಅನ್ನೋ ರೇಷ್ಮೆ ದಾರಿಯ ಪಟ್ಟಣಗಳ ನಕ್ಷೆ ತೆಗೆದದ್ದೂ ಡ್ರೋನ್ ಮೇಲೆ ಕಟ್ಟಿದ ಲೈಡಾರೇ. ಅದೂ 2024ರದ್ದೇ ಸುದ್ದಿ.

ಆದರೆ ಯಂತ್ರವನ್ನು ಹೊಗಳಲು ನಾನು ಕೂತಿಲ್ಲ. ಈ ಸುದ್ದಿಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಈಚಿನ ದೊಡ್ಡ ದೊಡ್ಡ ಶೋಧಗಳಲ್ಲಿ ಎಷ್ಟೋ, ಯಾರೋ ಹಿಂದೆ ಎಸೆಯದೆ ಇಟ್ಟುಕೊಂಡ ವಸ್ತುಗಳಿಂದ ಬಂದಿವೆ. ಇಟ್ಟುಕೊಂಡವರಿಗೆ ಅದರಿಂದ ಏನು ತಿಳಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಸುಮ್ನೆ ಜೋಪಾನ ಮಾಡಿದ್ದರು.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕತೆ ಕೇಳಿ. ಅಲ್ಲಿನ ದೊಡ್ಡ ಕಲ್ಲುಗಳಿಗೆ ಸಾರ್ಸನ್ ಅನ್ನುತ್ತಾರೆ. 1958ರಲ್ಲಿ ಬಿದ್ದಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸುವಾಗ ಒಂದರಲ್ಲಿ ಬಿರುಕು ಕಾಣಿಸಿತು. ಅದರೊಳಗೆ ಲೋಹದ ಸರಳು ಕೂರಿಸಲು ಅಡ್ಡಕ್ಕೆ ಆರಪಾರ ತೂತು ಕೊರೆದರು. ಹೊರಗೆ ಬಂದ ಕಲ್ಲಿನ ಕಡ್ಡಿಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊರೆಯುವ ಕಂಪನಿಯ ಕೆಲಸಗಾರ ರಾಬರ್ಟ್ ಫಿಲಿಪ್ಸ್ ಅನ್ನುವವರು ಮಾತ್ರ ಒಂದನ್ನು ತೆಗೆದಿಟ್ಟುಕೊಂಡರು. ಆಮೇಲೆ ಅಮೆರಿಕಕ್ಕೆ ಹೋದರು, ಅದೂ ಜೊತೆಗೇ ಹೋಯಿತು. ಮುದುಕರಾದ ಮೇಲೆ, ಇದು ವಾಪಸ್ ಹೋಗಬೇಕು ಅನ್ನಿಸಿ 2018ರಲ್ಲಿ ಇಂಗ್ಲೆಂಡಿಗೆ ಮರಳಿಸಿದರು.

ಆ ಸ್ಮಾರಕಕ್ಕೆ ಈಗ ಯಾರೂ ಕೊರೆಯಂತ್ರ ಮುಟ್ಟಿಸುವ ಹಾಗಿಲ್ಲ. ಹಾಗಾಗಿ ಒಳಗಿನ, ಗಾಳಿ ಮಳೆ ತಾಗದ ಕಲ್ಲು ಸಿಗುವುದು ಅಂಥ ಹಳೇ ಕಡ್ಡಿಯಿಂದಲೇ. ಬ್ರೈಟನ್ ವಿಶ್ವವಿದ್ಯಾಲಯದ ಡೇವಿಡ್ ನ್ಯಾಶ್ ಮತ್ತು ಜೊತೆಗಾರರು ಅದರ ಚೂರನ್ನು ಪರೀಕ್ಷಿಸಿ, ಬೇರೆ ಬೇರೆ ಕಡೆಯ ಸಾರ್ಸನ್ ಕಲ್ಲುಗಳ ಜೊತೆ ಹೋಲಿಸಿದರು. 25 ಕಿಲೋಮೀಟರ್ ದೂರದ ವೆಸ್ಟ್ ವುಡ್ಸ್ ಅನ್ನೋ ಕಾಡಿನ ಕಲ್ಲಿಗೆ ತಾಳೆ ಬಿತ್ತು. ಈಗ ಉಳಿದಿರುವ 52 ಸಾರ್ಸನ್‌ಗಳಲ್ಲಿ 50 ಒಂದೇ ಬಗೆಯವು. ಅಷ್ಟೂ ಅಲ್ಲಿಂದಲೇ ಬಂದಿರಬೇಕು ಅಂತ 2020ರಲ್ಲಿ ತೀರ್ಮಾನಕ್ಕೆ ಬಂದರು. ಒಬ್ಬ ಕೆಲಸಗಾರ 60 ವರ್ಷ ಜೋಪಾನ ಮಾಡಿದ ಕಲ್ಲಿನ ಕಡ್ಡಿ. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ.

ಅದೇ ಸ್ಟೋನ್‌ಹೆಂಜ್‌ನ ನಡುವೆ ಮಲಗಿರುವ ಆರು ಟನ್ನಿನ ಇನ್ನೊಂದು ಕಲ್ಲಿದೆ. ಆಲ್ಟರ್ ಸ್ಟೋನ್ ಅಂತ ಕರೆಯುತ್ತಾರೆ. ಅದು ವೇಲ್ಸ್‌ನದ್ದು ಅಂತ ನೂರು ವರ್ಷ ನಂಬಿದ್ದರು. ಹಿಂದೆ ತೆಗೆದಿಟ್ಟಿದ್ದ ಅದರ ಚೂರುಗಳಲ್ಲಿನ ಜಿರ್ಕಾನ್, ಅಪಟೈಟ್, ರೂಟೈಲ್ ಅನ್ನೋ ಪುಟಾಣಿ ಖನಿಜದ ಹರಳುಗಳ ವಯಸ್ಸನ್ನು ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದ ಆಂಥನಿ ಕ್ಲಾರ್ಕ್ ಅಳೆದರು. ವೇಲ್ಸ್‌ಗೆ ಹೊಂದಲಿಲ್ಲ. ಉತ್ತರ ಸ್ಕಾಟ್ಲೆಂಡಿನ ಆರ್ಕೇಡಿಯನ್ ಪ್ರದೇಶಕ್ಕೆ ಹೊಂದಿತು. 2024ರ ಆಗಸ್ಟ್‌ನಲ್ಲಿ ಇದು ಪ್ರಕಟವಾಯಿತು. ಕಡಿಮೆ ಅಂದರೂ 750 ಕಿಲೋಮೀಟರ್ ದೂರ. ಗಾಡಿ ಚಕ್ರ ಕಾಣದ ಕಾಲದಲ್ಲಿ ಆರು ಟನ್ ಕಲ್ಲನ್ನು ಅಷ್ಟು ದೂರ ತಂದಿದ್ದಾರೆ ಅಂದರೆ ಆ ಎರಡು ಊರಿನವರ ನಡುವೆ ಎಂಥ ನಂಟಿತ್ತು, ಅಲ್ವಾ?

ಎಲ್ಲಿಂದ ಬಂತು ಅಂತ ಹುಡುಕುವ ಕಷ್ಟ ನಮ್ಮ ಬೇಲೂರಿನಲ್ಲಿ ಸ್ವಲ್ಪ ಕಡಿಮೆ. 1117ರ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳ ಕೆಳಗೆ ಕೆತ್ತಿದವರೇ ಹೆಸರು ಬರೆದಿದ್ದಾರೆ. ದಾಸೋಜ, ಅವನ ಮಗ ಚಾವಣ. ಊರು ಬಳ್ಳಿಗಾವಿ. ಶಿವಮೊಗ್ಗ ಜಿಲ್ಲೆಯ ಆ ಊರಿನಿಂದ ಅಪ್ಪ ಮಗ ಬಂದು ಇಲ್ಲಿ ಉಳಿ ಹಿಡಿದಿದ್ದಾರೆ. ಊರಿನ ಹೆಸರು ಕೆತ್ತಿದ್ದರಿಂದ ತಾನೇ ನಮಗೆ ಅದು ಗೊತ್ತಾಗಿದ್ದು.

ಇನ್ನು ಬೇಲೂರಿನ ಸುತ್ತಮುತ್ತಲ ಹೊಲಗಳಿಗೆ ಬರುತ್ತೇನೆ. ಬೇಲೂರು, ಹಳೇಬೀಡು ದೇವಸ್ಥಾನಗಳು 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದವು. ಸಂತೋಷ. ಅವುಗಳಿಗೆ ಬೇಲಿ ಇದೆ, ಕಾವಲು ಇದೆ. ಆದರೆ ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಬೀಳು ಬಿದ್ದ ಗುಡಿಯ ಹಿಂದೆ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲುಗಳಿಗೆ ಯಾರಿದ್ದಾರೆ?

ಮಾದಿಹಳ್ಳಿ ಕಡೆಯ ಒಂದು ಊರಿನಲ್ಲಿ ಪಾಲಿನ ಅಳತೆಗೆ ಹೋಗಿದ್ದೆ. ಶುಂಠಿ ಹಾಕಲು ಹೊಲ ಸಮ ಮಾಡಬೇಕು ಅಂತ ಜೆಸಿಬಿ ಹೇಳಿಟ್ಟಿದ್ದರು. ಟಿಪ್ಪಣಿಯಲ್ಲಿ ಬಾಂದು ತೋರಿಸಿದ್ದ ಮೂಲೆಗೆ ಹೋದರೆ ಲಂಟಾನದ ಪೊದೆಯೊಳಗೆ ನಿಂತಿದ್ದದ್ದು ವೀರಗಲ್ಲು. ಸೊಂಟದವರೆಗೆ ಮಣ್ಣಿನಲ್ಲಿ ಹೂತಿತ್ತು. ಆ ಮನೆಯ ಅಜ್ಜ ಪಂಚೆ ಎತ್ತಿ ಕಟ್ಟಿ ಕುಡುಗೋಲಿನಿಂದ ಪೊದೆ ಸವರಿದರು.

“ಇದ ಯಾರೂ ಅಲ್ಲಾಡ್ಸಿಲ್ಲ ಕಣವ್ವ. ನಮ್ಮಪ್ಪನ ಕಾಲ್ದಿಂದ್ಲೂ ಇಲ್ಲೇ ಐತೆ. ದೀಪಾವಳಿಲಿ ಒಂದು ಎಡೆ ಇಡ್ತೀವಿ, ಅಷ್ಟೇಯ.”

ಬಳಪದ ಕಲ್ಲು. ಮೇಲಿನ ಹಲಗೆಯಲ್ಲಿ ಲಿಂಗ, ಪಕ್ಕದಲ್ಲಿ ನಂದಿ, ಮೂಲೆಗಳಲ್ಲಿ ಸೂರ್ಯ ಚಂದ್ರ. ನಡುವಿನ ಹಲಗೆಯಲ್ಲಿ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುತ್ತಿದ್ದಾರೆ. ಕೆಳಗಿನದ್ದನ್ನು ಅಜ್ಜ ಕೈಯಿಂದಲೇ ಮಣ್ಣು ಸರಿಸಿ ಒಂದಿಷ್ಟು ತೋರಿಸಿದರು. ಬಿಲ್ಲು ಎಳೆದು ನಿಂತ ಗಂಡಸು. ಅವನ ಹಿಂದೆ ಒಂದರ ಮೇಲೊಂದು ಹಸುಗಳ ತಲೆ. ಒಂದು ಹಸು ಕತ್ತು ತಿರುಗಿಸಿ ಅವನ ಕಡೆಗೇ ನೋಡುತ್ತಿದೆ. ಆ ಹಸುವಿನ ಕೊಂಬಿನ ಬುಡದಲ್ಲಿ ಶಿಲ್ಪಿ ಮೂರು ಸಣ್ಣ ಗೆರೆ ಹಾಕಿದ್ದಾನೆ, ಮುದಿ ಹಸುವಿನ ಕೊಂಬಿಗೆ ಇರುತ್ತವಲ್ಲ, ಆ ಬಳೆಗಳು. ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು ಇದು.

ಹಲಗೆಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದ ಹಾಗೆ ಕಂಡಿತು. ಬಿಸಿಲು ನೆತ್ತಿಯ ಮೇಲಿತ್ತು, ಏನೂ ಓದಲಾಗಲಿಲ್ಲ. ಕೊಡೆ ಹಿಡಿದು ನೆರಳು ಮಾಡಿ, ಮೊಬೈಲ್ ಟಾರ್ಚನ್ನು ಕಲ್ಲಿಗೆ ಒತ್ತಿಕೊಂಡ ಹಾಗೆ ಪಕ್ಕದಿಂದ ಹಿಡಿದೆ. ಪಕ್ಕದ ಬೆಳಕಿಗೆ ಗುಂಡಿಯಲ್ಲಿ ನೆರಳು ಬಿದ್ದು ಅಕ್ಷರ ಮೇಲೆದ್ದವು. ‘ಸ್ವಸ್ತಿ ಶ್ರೀ’ ಅಂತ ಶುರು. ಅಷ್ಟನ್ನು ನಾನೂ ಓದಬಲ್ಲೆ. ಮುಂದಿನದ್ದು ಹಳಗನ್ನಡ ಲಿಪಿ ಬಲ್ಲವರ ಕೆಲಸ.

ಅಜ್ಜನ ಮೊಮ್ಮಗ ಒಳ್ಳೆಯ ಹುಡುಗ. ಜೆಸಿಬಿ ಬಂದಾಗ ಇದನ್ನು ಎತ್ತಿಸಿ ಮನೆ ಮುಂದೆ ನಿಲ್ಲಿಸೋಣ, ತೊಳೆದು ಬಣ್ಣ ಹೊಡೆಸೋಣ ಅಂದ. ಅವನ ಮಾತಿನಲ್ಲಿ ಭಕ್ತಿಯೇ ಇತ್ತು. ನಾನು ಬೇಡ ಅಂದೆ. “ಯಾಕೆ ಮೇಡಂ, ಇಲ್ಲಿ ಪೊದೆಲಿ ಇರೋದಕ್ಕಿಂತ ಅಲ್ಲಿರೋದು ಚೆನ್ನಾಗಲ್ವಾ?” ಅಂತ ಕೇಳಿದ. ಸರಿಯಾದ ಪ್ರಶ್ನೆ. ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಒಂದು ವೀರಗಲ್ಲು ಒಬ್ಬನ ಸಾವಿನ ಸುದ್ದಿ ಹೇಳುತ್ತದೆ. ಒಂದು ಹೋಬಳಿಯ ಎಲ್ಲಾ ವೀರಗಲ್ಲುಗಳನ್ನು ಅವು ಇರುವ ಜಾಗದಲ್ಲೇ ನಕ್ಷೆಯ ಮೇಲೆ ಗುರುತು ಮಾಡಿದರೆ ಬೇರೆಯದೇ ಸುದ್ದಿ ಹೊರಡುತ್ತದೆ. ಹಳೆಯ ಊರಿನ ಎಲ್ಲೆ ಎಲ್ಲಿತ್ತು, ದನ ಮೇಯಲು ಯಾವ ಕಡೆ ಹೋಗುತ್ತಿದ್ದವು, ದಾಳಿ ಯಾವ ಕಣಿವೆಯಿಂದ ಬರುತ್ತಿತ್ತು, ಜನ ಬಿಟ್ಟುಹೋಗಿ ಈಗ ಹೆಸರೇ ಇಲ್ಲದ ಬೇಚಿರಾಕ್ ಹಳ್ಳಿ ಎಲ್ಲಿತ್ತು, ಇದನ್ನೆಲ್ಲಾ ಕೇಳಿ ನೋಡಬಹುದು. ಉಪಾನೋದಲ್ಲಿ, ವಲೇರಿಯಾನಾದಲ್ಲಿ ಆಗಿದ್ದು ಅದೇ. ಒಂದೊಂದು ದಿಬ್ಬವೂ ಬಿಡಿಯಾಗಿ ಬರೀ ದಿಬ್ಬ. 6,000 ದಿಬ್ಬ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರಿಂದ ಅದು ಪಟ್ಟಣ ಅಂತ ಗೊತ್ತಾಯಿತು. ಕಲ್ಲನ್ನು ಮನೆ ಮುಂದೆ ತಂದರೆ ಕಲ್ಲು ಉಳಿಯುತ್ತದೆ, ಈ ಮಾಹಿತಿ ಹೋಗುತ್ತದೆ. ಬಣ್ಣ ಹೊಡೆದರೆ ಅಕ್ಷರವೂ ಹೋಗುತ್ತದೆ.

ಹುಡುಗ ಜೆಸಿಬಿಯವನಿಗೆ ಆ ಮೂಲೆಯನ್ನು ಬಿಟ್ಟು ಕೆಲಸ ಮಾಡಲು ಹೇಳಿದ್ದಾನೆ. ನನಗೆ ಅವತ್ತು ಆದ ಖುಷಿ ಹೇಳಲು ಆಗುವುದಿಲ್ಲ.

ಮೆಣಸು ಬೆಳೆಯುವ ನಮ್ಮ ಕಡೆಯವರಿಗೆ ಇನ್ನೊಂದು ಉದಾಹರಣೆ ಇಷ್ಟ ಆಗಬಹುದು. ಈಜಿಪ್ಟಿನ ಕೆಂಪು ಸಮುದ್ರದ ದಡದಲ್ಲಿ ಬೆರೆನೀಕೆ ಅನ್ನೋ ಹಳೇ ಬಂದರಿದೆ. ಅಲ್ಲಿನ ಸೆರಾಪಿಸ್ ದೇವಸ್ಥಾನದ ನೆಲದಲ್ಲಿ ಹೂತಿದ್ದ ಒಂದು ಗುಡಾಣದೊಳಗೆ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿತ್ತು. ಗುಡಾಣ ಭಾರತದಲ್ಲಿ ಮಾಡಿದ್ದು, ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯದ್ದು, ಕಾಲ ರೋಮನ್ನರದ್ದು. ಅದೇ ಊರಿನಲ್ಲಿ 2022ರಲ್ಲಿ ಒಂದು ಬುದ್ಧನ ವಿಗ್ರಹ ಸಿಕ್ಕಿತು. ಎರಡಡಿಗಿಂತ ಸ್ವಲ್ಪ ಎತ್ತರ, ತಲೆಯ ಹಿಂದೆ ಸೂರ್ಯನ ಕಿರಣದ ಪ್ರಭೆ, ಪಕ್ಕದಲ್ಲಿ ತಾವರೆ. ಕಲ್ಲು ಮಾತ್ರ ಭಾರತದ್ದಲ್ಲ, ಈಗಿನ ಟರ್ಕಿಯ ಕಡೆಯ ಅಮೃತಶಿಲೆ. ಯಾರೋ ವ್ಯಾಪಾರಿ ಈಜಿಪ್ಟಿನಲ್ಲೇ ಕೆತ್ತಿಸಿ ಕೊಟ್ಟಿರಬಹುದು. ಈ ಮೆಣಸೂ ಬುದ್ಧನೂ ಯಾವುದೋ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ಬರೀ ಹಳೇ ಸಾಮಾನು. ಆ ಊರಿನ ದೇವಸ್ಥಾನಗಳಲ್ಲಿ, ಆ ಬಂದರಿನಲ್ಲಿ ಸಿಕ್ಕಿದ್ದರಿಂದ ಘಟ್ಟದ ಕೆಳಗಿನ ದಡಕ್ಕೂ ಈಜಿಪ್ಟಿಗೂ ಇದ್ದ ದಾರಿ ಕಣ್ಣಿಗೆ ಕಾಣುತ್ತದೆ.

ಕಲ್ಲಿನ ಕೆಳಗೆ ನಿಧಿ ಇದೆ ಅನ್ನೋ ನಂಬಿಕೆ ನಮ್ಮಲ್ಲಿ ಮಾಡಿದಷ್ಟು ಹಾಳು ಬೇರೆ ಯಾವುದೂ ಮಾಡಿಲ್ಲ. ರಾತ್ರೋರಾತ್ರಿ ಬಂದು ವೀರಗಲ್ಲು ಉರುಳಿಸಿ ಗುಂಡಿ ತೋಡುತ್ತಾರೆ. ಬೀಳು ಗುಡಿಯ ಪೀಠ ಒಡೆಯುತ್ತಾರೆ. ಬೆಳಿಗ್ಗೆ ನೋಡಿದರೆ ನಿಂಬೆಹಣ್ಣು, ಕುಂಕುಮ, ಎರಡು ತುಂಡಾದ ಕಲ್ಲು. ಹಸು ಕಾಯಲು ಹೋಗಿ ಸತ್ತ ಬಡ ಗಂಡಸಿನ ಕಲ್ಲಿನ ಕೆಳಗೆ ಚಿನ್ನ ಎಲ್ಲಿಂದ ಬರಬೇಕು? ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಭಯ, ಸರ್ಕಾರಕ್ಕೆ ತಿಳಿಸಿದರೆ ಜಮೀನೇ ಹೋಗುತ್ತದೆ ಅನ್ನೋದು. ಬದುವಿನಲ್ಲಿ ಒಂದು ವೀರಗಲ್ಲು ಇದೆ ಅಂದ ಮಾತ್ರಕ್ಕೆ ಯಾರ ಪಹಣಿಯೂ ಬದಲಾಗಿದ್ದನ್ನು ನನ್ನ ಕೆಲಸದಲ್ಲಿ ನೋಡಿಲ್ಲ. ನೆಲದೊಳಗೆ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ತಿಳಿಸಲೇಬೇಕು ಅನ್ನೋ ಕಾನೂನು 1878ರಿಂದಲೇ ಇದೆ. ಬದುವಿನ ಮೇಲೆ ಕಣ್ಣೆದುರಿಗೆ ನಿಂತಿರುವ ಕಲ್ಲಿನ ಮಾತು ಬೇರೆ.

ತೆಗೆಯದೆ, ಬಿಚ್ಚದೆ ಹಾಗೇ ಇಟ್ಟವರೇ ಕೊನೆಗೆ ಗೆದ್ದರು ಅನ್ನೋದಕ್ಕೆ ಇಟಲಿಯ ಹರ್ಕ್ಯುಲೇನಿಯಂ ಸುರುಳಿಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದಾಗ ಒಂದು ದೊಡ್ಡ ಮನೆಯ ಗ್ರಂಥಾಲಯ ಸುಟ್ಟು ಮುಚ್ಚಿಹೋಯಿತು. 1750ರ ದಶಕದಲ್ಲಿ ಅಗೆದಾಗ ಪಪೈರಸ್ ಸುರುಳಿಗಳು ಇದ್ದಿಲಾಗಿ ಸಿಕ್ಕವು. ಓದುವ ಆಸೆಗೆ ಎಷ್ಟೋ ಸುರುಳಿಗಳನ್ನು ಬಿಡಿಸಲು, ಕತ್ತರಿಸಲು ಹೋಗಿ ಪುಡಿ ಮಾಡಿದರು. ಉಳಿದ ನೂರಾರು ಸುರುಳಿಗಳನ್ನು ಮುಟ್ಟದೆ ಇಟ್ಟರು.

ಅಮೆರಿಕದ ಬ್ರೆಂಟ್ ಸೀಲ್ಸ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಅವುಗಳನ್ನು ಬಿಚ್ಚದೆ ಎಕ್ಸ್‌ರೇ ಹಿಡಿದು ಕಂಪ್ಯೂಟರ್‌ನಲ್ಲೇ ಬಿಡಿಸುವ ದಾರಿ ಹುಡುಕಿದರು. ತೊಡಕು ಏನಂದರೆ ಶಾಯಿಯೂ ಇದ್ದಿಲಿನದ್ದು, ಹಾಳೆಯೂ ಇದ್ದಿಲು. ಎಕ್ಸ್‌ರೇಗೆ ಎರಡೂ ಒಂದೇ. 2023ರಲ್ಲಿ ಬಹುಮಾನ ಇಟ್ಟು ಸ್ಕ್ಯಾನ್‌ಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಶಾಯಿ ಇರುವಲ್ಲಿ ಒಣಗಿದ ಕೆಸರಿನ ಬಿರುಕಿನ ಹಾಗೆ ಬಹಳ ಸಣ್ಣ ಗುರುತು ಇದೆ ಅಂತ ಕೇಸಿ ಹ್ಯಾಂಡ್ಮರ್ ಅನ್ನುವವರು ಗಮನಿಸಿದರು. ಅದನ್ನು ಹಿಡಿದು ಲ್ಯೂಕ್ ಫ್ಯಾರಿಟರ್ ಅನ್ನೋ 21 ವರ್ಷದ ವಿದ್ಯಾರ್ಥಿ ಕಂಪ್ಯೂಟರ್‌ಗೆ ಕಲಿಸಿದ. ಮೊದಲು ಓದಲು ಸಿಕ್ಕ ಗ್ರೀಕ್ ಪದದ ಅರ್ಥ ನೇರಳೆ ಬಣ್ಣ. 2024ರ ಫೆಬ್ರುವರಿ ಹೊತ್ತಿಗೆ ಅವನೂ, ಯೂಸೆಫ್ ನಾದರ್, ಜೂಲಿಯನ್ ಶಿಲಿಗರ್ ಸೇರಿ 2,000ಕ್ಕೂ ಹೆಚ್ಚು ಅಕ್ಷರ ಓದಿ 7 ಲಕ್ಷ ಡಾಲರ್ ಬಹುಮಾನ ಗೆದ್ದರು. ಸಂಗೀತ, ಊಟ, ಸುಖ, ಇವುಗಳ ಬಗ್ಗೆ ಒಬ್ಬ ತತ್ವಜ್ಞಾನಿ ಬರೆದ ಮಾತುಗಳು. 1750ರ ಆತುರಗಾರರ ಕೈಗೆ ಆ ಸುರುಳಿ ಸಿಕ್ಕಿದ್ದರೆ ಒಂದಕ್ಷರವೂ ನಮಗೆ ಉಳಿಯುತ್ತಿರಲಿಲ್ಲ.

ನಮ್ಮ ಕಲ್ಲುಗಳಿಗೂ ಇಂಥ ದಾರಿ ಬಂದಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯಲ್ಲಿ ಪಿ. ಎಲ್. ಉದಯಕುಮಾರ್ ಮತ್ತು ತಂಡ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರ ಕಣ್ಣಿಗೆ ಕಾಣದಿದ್ದರೂ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದ್ದು. ಅಷ್ಟು ಮನೆ, ಅಷ್ಟು ರಸ್ತೆ ಎದ್ದಮೇಲೂ ಅಂಥದ್ದೊಂದು ಉಳಿದಿತ್ತು. ಅಲ್ಲಿನ ಎಷ್ಟೋ ಕಲ್ಲುಗಳು ಲೇಔಟ್‌ಗಳ ಅಡಿಗೆ ಹೋಗಿವೆ.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದದ್ದು 1902ರಲ್ಲಿ. ತಾಲ್ಲೂಕಿನ ಹೆಸರು, ನಂಬರ್, ಊರು, ಊರಿನಲ್ಲಿ ಕಲ್ಲು ಎಲ್ಲಿದೆ ಅನ್ನೋದನ್ನು ಬರೆದಿದ್ದಾರೆ. ಆ ಕೊನೆಯ ಮಾಹಿತಿ ನನಗೆ ಬಂಗಾರ. ಆದರೂ ಅವರ ಕಣ್ಣಿಗೆ ಬೀಳದ್ದು ಎಷ್ಟೋ ಉಳಿಯಿತು. ನಮ್ಮ ತಾಲ್ಲೂಕಿನದೇ ಹಲ್ಮಿಡಿ ಶಾಸನ, ಕನ್ನಡದ ಮೊಟ್ಟಮೊದಲ ಶಾಸನ ಅಂತ ನಾವೆಲ್ಲಾ ಶಾಲೆಯಲ್ಲಿ ಓದಿದ್ದು, ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರ ಗಮನಕ್ಕೆ ಬಂದದ್ದು 1936ರಲ್ಲಿ. ಹದಿನಾರು ಸಾಲಿನ, ಕ್ರಿ.ಶ. 450ರ ಸುಮಾರಿನ ಕಲ್ಲು ಅಷ್ಟು ವರ್ಷ ಊರಿನವರ ಮಧ್ಯೆಯೇ ನಿಂತಿತ್ತು. ಊರಿನವರು ಒಡೆದು ಮೆಟ್ಟಿಲಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಅದು ನಮಗಿದೆ. ಹಾಗಿದ್ದ ಮೇಲೆ ಇನ್ನೂ ಯಾವ ಹೊಲದಲ್ಲಿ ಏನಿದೆಯೋ.

ಒಂದು ಎಚ್ಚರಿಕೆಯನ್ನೂ ಬರೆಯಬೇಕು. ಹಳೆಯದು, ಅತಿ ಹಳೆಯದು, ಜಗತ್ತಿಗೇ ಮೊದಲು ಅನ್ನೋ ಸುದ್ದಿಗಳು ವಾಟ್ಸಾಪ್‌ನಲ್ಲಿ ಬಹಳ ಬರುತ್ತವೆ. ಒಬ್ಬ ಸರ್ವೆಯವರು ಅಳೆದದ್ದನ್ನು ಇನ್ನೊಬ್ಬರು ಬೇರೆ ಬಾಂದಿನಿಂದ ಅಳೆದು ಅದೇ ಮೂಲೆಗೆ ಬಂದರೆ ನಾವು ಒಪ್ಪುತ್ತೇವೆ. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಹಾಗೇ ಆಯಿತು. ಒಣಗಿದ ಕೆರೆಯ ಅಂಗಳದಲ್ಲಿ ಮನುಷ್ಯರ ಹೆಜ್ಜೆಗುರುತು ಸಿಕ್ಕವು. ಹೆಚ್ಚಿನವು ಮಕ್ಕಳದ್ದು, ಹರೆಯದವರದ್ದು. ಜೊತೆಗಿದ್ದ ನೀರುಹುಲ್ಲಿನ ಬೀಜಗಳಿಂದ 21,000ದಿಂದ 23,000 ವರ್ಷ ಹಳೆಯದು ಅಂತ 2021ರಲ್ಲಿ ಹೇಳಿದರು. ಮನುಷ್ಯರು ಅಮೆರಿಕಕ್ಕೆ ಬಂದದ್ದು ಅದಕ್ಕಿಂತ ಎಷ್ಟೋ ಸಾವಿರ ವರ್ಷ ಆಮೇಲೆ ಅನ್ನೋ ಲೆಕ್ಕ ಇತ್ತು. ಹಾಗಾಗಿ ಬಹಳ ಜನ ಒಪ್ಪಲಿಲ್ಲ. ನೀರಿನ ಗಿಡ ನೀರಿನಲ್ಲಿರುವ ಹಳೇ ಇಂಗಾಲ ಹೀರಿರುತ್ತದೆ, ವಯಸ್ಸು ಜಾಸ್ತಿ ತೋರಿಸುತ್ತದೆ ಅಂತ ತಕರಾರು ತೆಗೆದರು. ನ್ಯಾಯವಾದ ತಕರಾರು. ಆ ತಂಡ ಸಿಟ್ಟಾಗದೆ ಮತ್ತೆ ಕೆಲಸಕ್ಕೆ ಇಳಿಯಿತು. ನೆಲದ ಮೇಲೆ ಬೆಳೆಯುವ ಪೈನ್ ಮರದ ಪರಾಗ ಆರಿಸಿ ಅಳೆದರು. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಬೇರೆ ವಿಧಾನದಲ್ಲೂ ಅಳೆದರು. 2023ರಲ್ಲಿ ಅದೇ ವಯಸ್ಸು ಬಂತು. 2025ರಲ್ಲಿ ವಾನ್ಸ್ ಹಾಲಿಡೇ ಮತ್ತು ಜೊತೆಯವರು ಕೆರೆಯ ಮಣ್ಣನ್ನೇ ಬೇರೆ ಲ್ಯಾಬುಗಳಿಗೆ ಕೊಟ್ಟು ನೋಡಿದಾಗಲೂ ಲೆಕ್ಕ ಅಲ್ಲಿಗೇ ಬಂತು.

ತಮಿಳುನಾಡಿನ ಶಿವಗಳೈಯಲ್ಲಿ ಕಬ್ಬಿಣದ ಜೊತೆ ಸಿಕ್ಕ ಇದ್ದಿಲಿಗೆ ಕ್ರಿ.ಪೂ. 3345 ಅನ್ನೋ ವಯಸ್ಸು ಬಂದಿದೆ ಅಂತ 2025ರ ಜನವರಿಯಲ್ಲಿ ಘೋಷಿಸಿದರು. ನಿಜವಾದರೆ ಕಬ್ಬಿಣದ ಚರಿತ್ರೆಯೇ ಬದಲಾಗುತ್ತದೆ. ದಕ್ಷಿಣದವಳಾಗಿ ನನಗೂ ಆಸೆ ಇದೆ. ವೈಟ್ ಸ್ಯಾಂಡ್ಸ್‌ನಲ್ಲಿ ಆದ ಹಾಗೆ ಬೇರೆಯವರೂ ಅಳೆಯಲಿ, ಬೇರೆ ಜಾಗಗಳಲ್ಲೂ ಅಗೆಯಲಿ, ಆಮೇಲೆ ಹಬ್ಬ ಮಾಡೋಣ.

ವೆಸೂವಿಯಸ್ ಸಿಡಿದಾಗಲೇ ಮುಚ್ಚಿಹೋದ ಪೊಂಪೇಯಲ್ಲಿ ಚಿನ್ನದ ಬಳೆ ಹಾಕಿದ್ದ ಒಬ್ಬರು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಸತ್ತಿದ್ದರು. ಅವರ ದೇಹದ ಪ್ಲಾಸ್ಟರ್ ಅಚ್ಚನ್ನು ನೋಡಿದವರೆಲ್ಲಾ ತಾಯಿ ಮಗು ಅಂದುಕೊಂಡಿದ್ದರು. 2024ರ ನವೆಂಬರ್‌ನಲ್ಲಿ ಡಿಎನ್‌ಎ ಫಲಿತಾಂಶ ಬಂತು. ದೊಡ್ಡವರು ಗಂಡಸು. ಮಗುವಿಗೂ ಅವರಿಗೂ ರಕ್ತಸಂಬಂಧ ಇಲ್ಲ. ಬೆಂಕಿ ಸುರಿಯುವ ಹೊತ್ತಿನಲ್ಲಿ ಯಾರದ್ದೋ ಮಗುವನ್ನು ತಬ್ಬಿಕೊಂಡಿದ್ದ ಗಂಡಸು ಅನ್ನೋದು ನನಗೆ ಮೊದಲಿನ ಕತೆಗಿಂತ ದೊಡ್ಡದಾಗಿ ಕಾಣುತ್ತದೆ. 1863ರಿಂದ ಪ್ಲಾಸ್ಟರ್ ಅಚ್ಚು ಮಾಡಿ ಆ ದೇಹಗಳನ್ನು ಉಳಿಸಿಕೊಂಡು ಬಂದಿದ್ದರಿಂದ ಮೂಳೆಯ ಚೂರು ಇವತ್ತಿನ ಲ್ಯಾಬಿಗೆ ಸಿಕ್ಕಿತು.

ಈಗ ನಾನು ಅಳತೆಗೆ ಹೋದ ಕಡೆಯಲ್ಲೆಲ್ಲಾ ಇಂಥ ಕಲ್ಲು ಕಂಡರೆ ರೋವರ್ ಇಟ್ಟು ಅದರ ಜಾಗ ಹಿಡಿದುಕೊಳ್ಳುತ್ತೇನೆ. ಊರು, ಹೋಬಳಿ, ಸರ್ವೆ ನಂಬರ್, ಮುಖ ಯಾವ ದಿಕ್ಕಿಗಿದೆ, ಅಕ್ಷರ ಇದೆಯೋ ಇಲ್ಲವೋ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಇಷ್ಟು ಬರೆದುಕೊಳ್ಳುತ್ತೇನೆ. ಜಮೀನಿನವರ ಹೆಸರು ಬರೆಯುವುದಿಲ್ಲ. ನಿಧಿಗಳ್ಳರ ಭಯದಿಂದ ಜಾಗವನ್ನು ಇಲ್ಲಿ ಬಹಿರಂಗ ಮಾಡುವುದೂ ಇಲ್ಲ. ಶಾಸನ ಓದಬಲ್ಲ ಮೇಷ್ಟ್ರುಗಳಿಗೆ ತೋರಿಸುತ್ತೇನೆ.

ಹಾಸನ, ಚಿಕ್ಕಮಗಳೂರು ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಮಾಡಬಹುದು. ಕಲ್ಲಿಗೆ ನೀರು ಬಿಟ್ಟು ಬೇರೆ ಏನೂ ಹಾಕಬೇಡಿ. ಸೀಮೆಸುಣ್ಣ, ಮೈದಾ, ವಿಭೂತಿ ತಿಕ್ಕಿ ಅಕ್ಷರ ಬಿಡಿಸಲು ಹೋಗಬೇಡಿ. ವೈರ್ ಬ್ರಷ್ ಅಂತೂ ಬೇಡವೇ ಬೇಡ. ಸಂಜೆ ಕತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಎಡಗಡೆಯಿಂದ ಹಿಡಿಯಲಿ, ಒಬ್ಬರು ಫೋಟೋ ತೆಗೆಯಲಿ. ಆಮೇಲೆ ಬಲಗಡೆಯಿಂದ ಒಂದು, ಮೇಲಿನಿಂದ ಒಂದು. ಸುತ್ತಲಿನ ಹೊಲವೂ ಕಾಣುವ ಹಾಗೆ ದೂರದಿಂದಲೂ ಒಂದು ತೆಗೆಯಿರಿ. ಅಡಿಯಲ್ಲಿ ಎಷ್ಟು ಹೂತಿದೆ ಅಂತ ನೋಡಲು ಅಗೆಯಬೇಡಿ, ಅಗೆಯುವವರು ಬೇರೆ ಇದ್ದಾರೆ. ಮಳೆಗಾಲ ಕಳೆದು ಪಾಚಿ ಒಣಗಿದ ಮೇಲೆ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಫೋಟೋ ಚೆನ್ನಾಗಿ ಬರುತ್ತದೆ.